ಓದಿಸಿದವರ ಋಣ

ಮೊನ್ನೆ ಬೇಸಿಗೆ ರಜೆಯಲ್ಲಿ ಮಗಳು ಒಂದು ಹಳೆಯ ಹಾಲಿವುಡ್ ಚಿತ್ರ ತೋರಿಸಿದಳು. ಜೀನ್ ನೆಗುಲೆಸ್ಕೊ ನಿರ್ದೇಶಿಸಿದ, 1955ರ ‘ಡ್ಯಾಡಿ ಲಾಂಗ್ ಲೆಗ್ಸ್’. “ಹಾಡು, ಕುಣಿತ, ನಗು. ಸುಮ್ಮನೆ ನೋಡಮ್ಮ” ಎಂದಳು. ಫ್ರೆಡ್ ಅಸ್ಟೇರನ ಹೆಜ್ಜೆಗಳಿಗೆ ನಾನೂ ಮರುಳಾದವಳೇ. ಆದರೆ ಚಿತ್ರ ಮುಗಿದಾಗ ನನಗೆ ಬಂದದ್ದು ಸಿಟ್ಟು.

ಕಥೆ ಇಷ್ಟು. ಅಮೆರಿಕದ ಕೋಟ್ಯಧೀಶ ಜರ್ವಿಸ್ ಪೆಂಡಲ್‌ಟನ್ ಫ್ರಾನ್ಸಿನ ಅನಾಥಾಲಯವೊಂದರಲ್ಲಿ 18ರ ಜೂಲಿಯನ್ನು ನೋಡುತ್ತಾನೆ. ಅವಳಾಗ ಕಪ್ಪುಹಲಗೆಯ ಮುಂದೆ ನಿಂತು ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿರುತ್ತಾಳೆ. ತನ್ನ ಹೆಸರು ತಿಳಿಸದೆ ಅವಳನ್ನು ಅಮೆರಿಕದ ಕಾಲೇಜಿಗೆ ಸೇರಿಸುತ್ತಾನೆ. ಅವಳ ಕಾಗದಗಳನ್ನು ಮಾತ್ರ ಎರಡು ವರ್ಷ ಓದುವುದೇ ಇಲ್ಲ. ಅವು ಕಚೇರಿಯ ಫೈಲು ಸೇರುತ್ತವೆ. ಕೊನೆಗೆ ಓದಿ, ಹೋಗಿ ನೋಡಿ, ತಾನೇ ಆ ದಾನಿ ಎಂಬುದನ್ನು ಮುಚ್ಚಿಟ್ಟು ಪ್ರೀತಿಸುತ್ತಾನೆ. ಮದುವೆಯಲ್ಲಿ ಮುಕ್ತಾಯ.

ಅಸ್ಟೇರ್ ಹುಟ್ಟಿದ್ದು 1899ರಲ್ಲಿ, ಜೂಲಿಯಾದ ಲೆಸ್ಲಿ ಕ್ಯಾರನ್ 1931ರಲ್ಲಿ. ವಯಸ್ಸಿನ ಈ ಮಾತನ್ನು ಚಿತ್ರದ ರಾಯಭಾರಿಯೇ ಎತ್ತಿ ಆಡುತ್ತಾನೆ. ನನ್ನ ತಕರಾರು ಬೇರೆ. ಜೂಲಿ ಕಾಲೇಜಿನಲ್ಲಿ ಕಲಿತದ್ದೇನು? ಎರಡು ಗಂಟೆ ಮೀರಿದ ಚಿತ್ರದಲ್ಲಿ ಕನಸಿನ ಬ್ಯಾಲೆಗೆ, ಕಾಲೇಜಿನ ಕುಣಿತಕ್ಕೆ ಧಾರಾಳ ಜಾಗವಿದೆ. ಅವಳ ಓದು ಮೂಲೆಯಲ್ಲಿದೆ. ಕಪ್ಪುಹಲಗೆಯ ಮುಂದಿದ್ದ ಆ ಹುಡುಗಿಯನ್ನು ಚಿತ್ರವೇ ಮರೆತಿದೆ.

ಜೀನ್ ವೆಬ್‌ಸ್ಟರ್ 1912ರಲ್ಲಿ ಪ್ರಕಟಿಸಿದ ಮೂಲ ಕಾದಂಬರಿಯಲ್ಲೂ ಕೊನೆಗೆ ಮದುವೆಯೇ, ಒಪ್ಪುತ್ತೇನೆ. ಆದರೆ ಅಲ್ಲಿಯ ಜೂಡಿ, ದಾನಿ ಬೇಡವೆಂದರೂ ವಿದ್ಯಾರ್ಥಿವೇತನ ಪಡೆಯುತ್ತಾಳೆ, ಬರಹಗಾರ್ತಿಯಾಗುತ್ತಾಳೆ, ಕಥೆ ಮಾರಿ ಬಂದ ಹಣದಿಂದ ಸಾವಿರ ಡಾಲರಿನ ಚೆಕ್ಕನ್ನು ಅವನಿಗೇ ಕಳಿಸುತ್ತಾಳೆ. ಚಿತ್ರ ಮಾಡಿದವರು ಆ ಚೆಕ್ಕನ್ನು ಹರಿದುಹಾಕಿದರು.

ಹಾಸ್ಯಚಿತ್ರದ ಮೇಲೆ ಇಷ್ಟು ಕೋಪವೇಕೆ ಎನ್ನುತ್ತೀರಾ? ಹಿಂದೆ ನನ್ನ ತರಗತಿಯ ಹುಡುಗಿಯೊಬ್ಬಳ ಫೀಸನ್ನು ಊರಿನ ದೊಡ್ಡವರೊಬ್ಬರು ಕಟ್ಟುತ್ತಿದ್ದರು. ಪ್ರತಿ ವಾರ್ಷಿಕೋತ್ಸವದಲ್ಲೂ ಅವಳು ವೇದಿಕೆ ಹತ್ತಿ ಅವರ ಕಾಲು ಮುಟ್ಟಬೇಕಿತ್ತು. ಹತ್ತನೆಯ ತರಗತಿಯ ವರ್ಷ, “ಮೇಡಂ, ಈ ಋಣ ಯಾವಾಗ ತೀರುತ್ತೆ?” ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಆ ಸಲವೂ ಅವಳನ್ನು ವೇದಿಕೆಗೆ ಕಳಿಸಿದವಳು ನಾನೇ.

ಈಗ ಹೇಳುತ್ತೇನೆ, ಮಗಳೇ. ಇನ್ನೊಂದು ಮಗುವಿಗೆ ನಾಲ್ಕಕ್ಷರ ಹೇಳಿಕೊಟ್ಟ ದಿನ ತೀರುತ್ತದೆ. ಜೂಲಿ ಅದನ್ನು ಅನಾಥಾಲಯದಲ್ಲೇ, ಸಾಲ ಪಡೆಯುವ ಮೊದಲೇ ತೀರಿಸಿದ್ದಳು. ಹಾಡಿನ ಗದ್ದಲದಲ್ಲಿ ಅದು ಯಾರಿಗೂ ಕಾಣಲಿಲ್ಲ.