ಕಡಲ ಬದಿಯಲ್ಲೂ ಅಡುಗೆಮನೆ ಬೇಕಾ?

ಅಟ್ಟೂರು, ಯಲಹಂಕದಲ್ಲಿ ನೆಲೆಸಿರುವ ನಮಗೆ ಕಡಲು 350 ಕಿ.ಮೀ. ಆಚೆ. ಡಿಸೆಂಬರ್ ರಜೆಯಲ್ಲಿ ಮಂಗಳೂರು ಕಡೆಯ ಊರಿಗೆ ಹೋದಾಗ ಮಾತ್ರ ಮಕ್ಕಳಿಗೆ ಅಲೆ ನೋಡುವ ಯೋಗ. ಆ ರಜೆಯೂ ಮದುವೆ ಹಾಲು, ಮಾಲು, ನೆಂಟರ ಮನೆ ಅಂತ ಮುಗಿದುಹೋಗುತ್ತದೆ.

ಕಡಲಿಗೆ ಹೊರಟರೂ ಏನಾಗುತ್ತದೆ? ಉಮ್ಮ ಸುಬುಹಿಗೆ ಮೊದಲೇ ಎದ್ದು ಹದಿನೈದು ಜನಕ್ಕೆ ಪತ್ತಿರ್, ಕೋಳಿ ಸಾರು ಮಾಡಬೇಕು. ಅಲ್ಲಿ ಹೋಗಿ ಬಡಿಸಬೇಕು. ಆಮೇಲೆ ಎಲ್ಲರ ಚಪ್ಪಲಿ, ಮೊಬೈಲ್ ಕಾಯುತ್ತಾ ಕೂರಬೇಕು. ನಾವು ಗಂಡಸರು, ಮಕ್ಕಳು ನೀರಲ್ಲಿ. ಇದು ಯಾರ ರಜೆ?

ಅವತ್ತು ಮನೆಯಲ್ಲಿ ಒಲೆ ಹಚ್ಚುವುದೇ ಬೇಡ. ಊಟ ಹೋಟೆಲಿನಿಂದ ತರೋಣ, ನಾವೇ ಬಡಿಸೋಣ, ಕಸವನ್ನೂ ನಾವೇ ಎತ್ತೋಣ. ಬಿಸಿಲು ಇಳಿದ ಮೇಲೆ ಪಣಂಬೂರಿಗೋ ತಣ್ಣೀರುಬಾವಿಗೋ ಹೋಗಬಹುದು. 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕ ಪಡುಬಿದ್ರಿಯ ಕಡಲತೀರದಲ್ಲಿ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ ಇವೆ. ಹೆಂಗಸರಿಗೆ ಇದು ಸಣ್ಣ ವಿಷಯ ಅಲ್ಲ. ಉಳ್ಳಾಲ ದರ್ಗಾಕ್ಕೆ ಹೋದವರಿಗೆ ಸೋಮೇಶ್ವರ ಹತ್ತಿರ, ಆದರೆ ಅಲ್ಲಿ ಬಂಡೆಗಳಿವೆ. ದಡದಲ್ಲಿ ಕೂತು ನೋಡಿದರೆ ಸಾಕು. ಚಳಿಗಾಲದಲ್ಲಿ ಮಳೆಗಾಲದ ಅಬ್ಬರ ಇಲ್ಲ ನಿಜ. ಆದರೂ ಮೊಣಕಾಲಿಗಿಂತ ಆಳಕ್ಕೆ ಯಾರೂ ಹೋಗಬಾರದು, ಲೈಫ್‌ಗಾರ್ಡ್ ಮಾತು ಮೀರಬಾರದು.

ಬ್ಯಾರಿ ಎಂಬ ಹೆಸರು ಅರಬಿಯ 'ಬಹ್ರ್', ಅಂದರೆ ಕಡಲಿನಿಂದ ಬಂತು ಎನ್ನುವವರಿದ್ದಾರೆ. ಆ ಕಡಲಿನ ನೀರಲ್ಲಿ ಎಷ್ಟು ಉಮ್ಮಂದಿರು ನೆಮ್ಮದಿಯಿಂದ ಕಾಲು ನೆನೆಸಿದ್ದಾರೆ? ಊರಿಗೆ ಟಿಕೆಟ್ ಬುಕ್ ಮಾಡುವಾಗಲೇ ಅವರಿಗಾಗಿ ಒಂದು ದಿನ ತೆಗೆದಿಡೋಣ.