ಜಗಲಿ ಮ್ಯಾಲೆ ನಮ್ಮ ಹೊಲದ್ದು ಏನೈತಿ?

ಮಹಾನವಮಿ ಹತ್ತಿರ ಬಂತು. ಹಿಂಗಾರಿ ಜೋಳದ ಬಿತ್ತನೆ ಬಗ್ಗೆ ಬರೀರಿ ಅಂತ ಮೂರ್ನಾಲ್ಕು ಮಂದಿ ಕೇಳಿದ್ರಿ. ಬರೀತೀನಿ, ಆದ್ರ ದೇವರ ಜಗಲಿಯಿಂದ ಶುರು ಮಾಡ್ತೀನಿ. ಬ್ಯಾಸರ ಮಾಡ್ಕೋಬ್ಯಾಡ್ರಿ, ಕಡೀಗೆ ಹೊಲಕ್ಕೇ ಬರ್ತೀನಿ.

ನನ್ನ ವಾದ ಇಷ್ಟೇ. ಒಕ್ಕಲುತನ ಮಾಡೋರ ಮನಿ ಜಗಲಿ ಮ್ಯಾಲೆ ತನ್ನ ಹೊಲದ ಮಣ್ಣು, ತನ್ನ ಬಾವಿ ನೀರು, ತನ್ನ ಮನಿ ಬೀಜ, ತನ್ನ ಹೊಲದಾಗ ಬೆಳೆದ ಎಣ್ಣಿಯ ದೀಪ ಇರಬೇಕು. ಇವನ್ನ ಇಡಾಕ ಆಗ್ತಿಲ್ಲ ಅಂದ್ರ ಯಾಕ ಆಗ್ತಿಲ್ಲ ಅಂತ ನೋಡಬೇಕು. ಅಲ್ಲೇ ನಮ್ಮ ಹೊಲದ ರೋಗ ಗೊತ್ತಾಗತೈತಿ.

ಈಗಿನ ಜಗಲಿ ನೋಡ್ರಿ. ಟೈಲ್ಸ್ ಮ್ಯಾಲೆ ಅಚ್ಚು ಹಾಕಿದ ದೇವರು, ಕರೆಂಟಿನ ದೀಪ, ಪ್ಲಾಸ್ಟಿಕ್ ಮಾವಿನ ತೋರಣ. ದೀಪದ ಎಣ್ಣಿ ಅಂತ ಅಂಗಡಿಯಾಗ ಒಂದು ಬಾಟ್ಲಿ ಸಿಗತೈತಿ, ಅದರ ಮ್ಯಾಲೆ ಸಣ್ಣ ಅಕ್ಷರದಾಗ "ಆಹಾರಕ್ಕೆ ಬಳಸಬಾರದು" ಅಂತ ಬರೆದಿರ್ತಾರ. ನಾವು ತಿನ್ನಾಕ ಬರದ ಎಣ್ಣಿ ದೇವರಿಗೆ ಹೆಂಗ ಬರ್ತೈತಿ ಅಂತ ನಾನಂತೂ ತಿಳೀಲಿಲ್ಲ. ಜೋಳದ ಹೊಲದ ಸುತ್ತ ನಾಕು ಸಾಲು ಕುಸುಬಿ ಹಾಕೋ ರೂಢಿ ಇತ್ತಲ್ಲ, ಆ ಮುಳ್ಳಿಗೆ ದನ ಒಳಗ ಬರ್ತಿರಲಿಲ್ಲ, ಕಾಳು ಗಾಣಕ್ಕೆ ಹೋಗಿ ಒಗ್ಗರಣೆಗೂ ಆಗ್ತಿತ್ತು, ದೀಪಕ್ಕೂ ಆಗ್ತಿತ್ತು. ಆ ನಾಕು ಸಾಲು ಹೋದ್ವು, ದೀಪ ಅಂಗಡಿ ಪಾಲಾತು.

ಹಂಗ ನೋಡಿದ್ರ ನಮ್ಮ ಕಡೆ ಮಳೆಗಾಲ ಪೂರ್ತಿ ಮಣ್ಣಿನ ಪೂಜೆಯೇ. ಕಾರಹುಣ್ಣಿಮೆ ಆದ ಮ್ಯಾಲೆ ಮಣ್ಣೆತ್ತಿನ ಅಮವಾಸಿ, ಆಷಾಢಕ್ಕೆ ಗುಳ್ಳವ್ವ, ಪಂಚಮಿಗೆ ನಾಗಪ್ಪ, ಆಮೇಲೆ ಗಣಪ, ಅವನ ಬೆನ್ನಿಗೆ ಜೋಕುಮಾರ. ಐದು ಸಲ ಮಣ್ಣು ಮನಿಯೊಳಗ ಬಂದು ದೇವರಾಗಿ ಕುಂದರತೈತಿ. ದೀಪಾವಳಿಗೆ ಸೆಗಣಿಯ ಪಾಂಡವರು, ಎಳ್ಳಮವಾಸಿಗೆ ಹೊಲದಾಗ ಸುಣ್ಣ ಹಚ್ಚಿದ ಐದು ಕಲ್ಲು. ಮಲೆನಾಡಿನವರು ಸೀಗಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿ ಹೊತ್ತು, ತೆನೆಗಟ್ಟುವ ಗದ್ದೆಗೆ ಬಸುರಿಗೆ ಬಡಿಸಿದಂಗ ಬಯಕೆ ಊಟ ಬಡಿಸ್ತಾರ. ಇದ್ಯಾವುದಕ್ಕೂ ದುಡ್ಡು ಬೇಕಿದ್ದಿಲ್ಲ. ಈಗ ಮಣ್ಣೆತ್ತು ಸಂತ್ಯಾಗ ಸಿಗ್ತಾವ, ಬಣ್ಣ ಬಳಿದ ಪಿಓಪಿ ಎತ್ತು. ಅವನ್ನ ಬಾವಿಗೆ ಬಿಟ್ರ ಕರಗೋದಿಲ್ಲ. ಕರಗೋದು ಬಿಡ್ರಿ, ಅದು ಯಾರ ಹೊಲದ ಎತ್ತು?

ಅದಕ್ಕ ಮೊದಲು ಮಣ್ಣು. ಒಂದು ಹಿತ್ತಾಳಿ ಬಟ್ಟಲದಾಗ ಹೊಲದ ಮಣ್ಣು ಹೆಂಟಿ ಇಡ್ರಿ. ಎರಡು ಹೆಂಟಿ ತರ್ರಿ ಅಂತೀನಿ ನಾನು: ಒಂದು ರಂಟೆ ಮುಟ್ಟದ ಬದುವಿನ ಬನ್ನಿ ಗಿಡದ ಬುಡದಿಂದ, ಇನ್ನೊಂದು ಹೊಲದ ನಟ್ಟನಡುವಿಂದ. ಎರಡೂ ಚೆನ್ನಾಗಿ ಆರಿದ ಮ್ಯಾಲೆ ಎರಡು ಗಾಜಿನ ಲೋಟದ ನೀರಿಗೆ ಒಂದೊಂದು ತುಣುಕು ಬಿಡ್ರಿ. ಬನ್ನಿ ಬುಡದ್ದು ಗಟ್ಟಿಯಾಗಿ ನಿಂತು, ನಡುವಿನದು ಕೂಡಲೇ ಪುಡಿಪುಡಿಯಾಗಿ ಕುಸಿದು ನೀರು ಬಗ್ಗಡ ಆತು ಅಂದ್ರ, ಆ ಮಣ್ಣಿನಾಗ ಕಸುವು ಹೋಗೈತಿ ಅಂತ ತಿಳೀರಿ. ಎರಿ ಮಣ್ಣು ಸ್ವಲ್ಪ ಬಿರಿಯೋದು ಸಹಜ, ಆದ್ರ ಒಂದೇ ಹೊಲದ ಎರಡು ತುಣುಕಿಗೆ ಅಷ್ಟು ಫರಕು ಇರಬಾರದು. ಮಣ್ಣಿನ ಆರೋಗ್ಯ ಕಾರ್ಡ್ 2015ರಿಂದ ಕೊಡಾಕ ಹತ್ಯಾರ, ಎಷ್ಟೋ ಮನಿಯಾಗ ಅದು ಪೆಟ್ಟಿಗೆ ತಳದಾಗ ಬಿದ್ದೈತಿ. ತೆಗೆದು ಸಾವಯವ ಇಂಗಾಲದ ಅಂಕಿ ನೋಡ್ರಿ. 0.5ಕ್ಕಿಂತ ಕೆಳಗ ಇದ್ರ ಕಡಿಮೆ ಅಂತ ಲೆಕ್ಕ. ಆ ಕಾರ್ಡನ್ನೂ ಜಗಲಿ ಗೂಡಿನಾಗ ಇಡ್ರಿ, ತಪ್ಪೇನಿಲ್ಲ. ತೊಗರಿ ಕಟಗಿ, ಹತ್ತಿ ಕಟಗಿಗೆ ಬೆಂಕಿ ಇಡೋ ದಿನ ಅದರ ಮುಖ ನೋಡಿ ಹೊರಡ್ರಿ.

ಈಗ ಬೀಜಕ್ಕ ಬರೋಣ, ನನಗ ಹೆಚ್ಚು ಹೇಳೋದಿರೋದು ಇದರ ಬಗ್ಗೆನೇ.

ನವರಾತ್ರಿ ಪಾಡ್ಯಕ್ಕೆ ಘಟ್ಟ ಹಾಕ್ತೀವಿ. ಪತ್ರಾವಳಿ ಮ್ಯಾಲೆ ಹೊಲದ ಮಣ್ಣು, ನಡುವ ನೀರಿನ ಕೊಡ, ಸುತ್ತ ಐದು ಥರದ ಕಾಳು. ಒಂಬತ್ತು ದಿನಕ್ಕ ಸಸಿ ಗೇಣುದ್ದ ಬರ್ತಾವ. ಮಣ್ಣು, ನೀರು, ದೀಪ, ಗಾಳಿ, ಬೀಜ ಎಲ್ಲಾ ಒಂದೇ ಕಡೆ. ಸರಿಯಾಗಿ ಬಿತ್ತಿಗೆ ಹೊತ್ತಿನಾಗೇ ಈ ಹಬ್ಬ ಬರೋದು ಸುಮ್ಮನೆ ಅಲ್ಲ ಅಂತ ನನ್ನ ಅಂದಾಜು. ಮೊಳಕೆ ಪರೀಕ್ಷೆ ಅಂತ ಈಗ ಹೇಳ್ತಾರಲ್ಲ, ನಮ್ಮ ಅವ್ವಂದಿರು ಅದನ್ನ ಕುಂಕುಮ ಹಚ್ಚಿ ಮಾಡ್ತಿದ್ರು. ಘಟ್ಟದ ಸಸಿ ಸಣಕಲಾದ್ರ ಮನಿಯಾಗ ಮಾತು ಬರ್ತಿತ್ತು, ಈ ಸಲ ಕಾಳು ಹುಳ ತಿಂದೈತಿ ಅಂತ.

ಈಗ ಘಟ್ಟಕ್ಕ ಏನ್ ಹಾಕ್ತೀರಿ? ಕಿರಾಣಿ ಅಂಗಡಿಯಿಂದ ಪಾವು ಕಿಲೋ ಕಾಳು. ಯಾಕಂದ್ರ ಬಿತ್ತೋ ಬೀಜ ಪಾಕೀಟಿನದು, ಕೆಂಪು ಇಲ್ಲಾ ಗುಲಾಬಿ ಬಣ್ಣದ್ದು. ಆ ಬಣ್ಣ ಚಂದಕ್ಕಲ್ಲ. ಶಿಲೀಂಧ್ರನಾಶಕ ಲೇಪ ಆಗೈತಿ, ಯಾರೂ ತಪ್ಪಿ ತಿನ್ನಬಾರದು ಅನ್ನೋ ಗುರುತು ಅದು. ಅದನ್ನ ಅವ್ವ ಜಗಲಿ ಮ್ಯಾಲೆ ಇಡಾಕ ಒಪ್ಪೋದಿಲ್ಲ, ಮುಟ್ಟಿದ ಕೈ ತೊಳಕೊಂಡು ಬಾ ಅಂತಾಳ. ಅಂದ್ರ ಹೊಲಕ್ಕ ಹೋಗೋ ಬೀಜ ಬ್ಯಾರೆ, ದೇವರ ಮುಂದಿಡೋ ಬೀಜ ಬ್ಯಾರೆ ಆತು. ಸಾವಿರಾರು ವರ್ಷ ಎರಡೂ ಒಂದೇ ಇದ್ವು.

ನಾನು ಬೀಜೋಪಚಾರದ ವಿರೋಧಿ ಅಲ್ಲ, ದಯವಿಟ್ಟು ಹಂಗ ತಿಳಿಬ್ಯಾಡ್ರಿ. ಜೋಳಕ್ಕೆ ಕಾಡಿಗೆ ರೋಗ ಬಾರದಂಗ ಗಂಧಕ ಹಚ್ಚೋದು ಹಳೇ ಪದ್ಧತಿ, ಹಚ್ಚಲೇಬೇಕು. ನಮ್ಮ ಮನಿ ಕಾಳಿನಾಗ ಒಂದು ಬೊಗಸೆ ಮೊದಲು ಜಗಲಿಗೆ ತೆಗೆದಿಟ್ಟು, ಆಮೇಲೆ ಉಳಿದದ್ದಕ್ಕೆ ಉಪಚಾರ ಮಾಡ್ರಿ ಅಂತೀನಿ. ಹತ್ತಿದಾಗ ಇದು ಕೈಬಿಟ್ಟು ಹೋತು. 2002ರಾಗ ಬಿಟಿ ಬಂದ ಮ್ಯಾಲೆ ಮನಿಯಾಗ ಹತ್ತಿಕಾಳು ಇಟ್ಟವರು ನಮ್ಮೂರಾಗ ಯಾರೂ ಇಲ್ಲ. ಗೋವಿನಜೋಳದ್ದೂ ಅದೇ ಕತಿ, ಹೈಬ್ರಿಡ್ ಕಾಳು ಮತ್ತ ಬಿತ್ತಿದ್ರ ಬೆಳೆ ಒಂದೇ ನಮೂನಿ ಬರೋದಿಲ್ಲ. ಆದ್ರ ಬಿಳಿಜೋಳ ಇನ್ನೂ ನಮ್ಮ ಕೈಯಾಗೈತಿ. ಮಾಲ್ದಂಡಿ, ಅಂದ್ರ ಎಂ 35-1, ಇದು ತಳಿ, ಹೈಬ್ರಿಡ್ ಅಲ್ಲ. ನಿಮ್ಮ ಹೊಲದ ಒಳ್ಳೆ ತೆನಿ ಆರಿಸಿ ಇಟ್ಕೊಂಡು ವರ್ಷಾ ಬಿತ್ತಬಹುದು. ಕಡ್ಲಿನೂ ಹಂಗೇ. ಬೀಜ ಇಟ್ಕೊಳ್ಳೋದು, ಬದಲಾಯಿಸ್ಕೊಳ್ಳೋದು ರೈತನ ಹಕ್ಕು ಅಂತ 2001ರ ಕಾಯ್ದೆಯಾಗೂ ಬರೆದೈತಿ, ಬ್ರ್ಯಾಂಡ್ ಹೆಸರು ಹಾಕಿ ಮಾರಬಾರದು ಅಷ್ಟೇ.

ಬಿತ್ತನೆ ಕೇಳಿದವರಿಗೆ ಲೆಕ್ಕ ಇಲ್ಲೈತಿ. ಹಬ್ಬದ ತನಕ ಕಾಯಬ್ಯಾಡ್ರಿ, ಇವತ್ತೇ 100 ಕಾಳು ಎಣಿಸಿ ಒದ್ದೆ ಗೋಣಿಚೀಲದಾಗ ಸುತ್ತಿ ಜಗಲಿ ಮಗ್ಗಲು ಇಡ್ರಿ, ದಿನಾ ಪೂಜೆ ಹೊತ್ತಿಗೆ ನೀರು ಚಿಮುಕಿಸ್ರಿ, ಮರೆಯೋದಿಲ್ಲ. ಐದಾರು ದಿನಕ್ಕ ಎಣಿಸ್ರಿ. ಪ್ರಮಾಣಿತ ಬೀಜಕ್ಕೆ ಜೋಳದಾಗ ಕನಿಷ್ಠ 75, ಕಡ್ಲಿಯಾಗ 85 ಮೊಳಿಬೇಕು ಅಂತ ನಿಯಮ. ನಿಮ್ಮ ಜೋಳ 60 ಮೊಳೀತು ಅಂದ್ರ ಎಕರೆಗೆ 3 ಕಿಲೋ ಬಿತ್ತೋ ಕಡೆ ಪೌಣೇನಾಕು ಕಿಲೋ ಬೇಕಾಗತೈತಿ. ಅದಕ್ಕಿಂತ ಕೆಳಗ ಹೋದ್ರ ಬೀಜ ಬದಲಿಸ್ರಿ.

ನೀರಿನ ಮಾತು ಸಣ್ಣದು. ಕಳಸಕ್ಕೆ ಶುದ್ಧ ನೀರಿನ ಘಟಕದ ಕ್ಯಾನಿನ ನೀರು ತುಂಬೋ ಮನಿ ಈಗ ಬಾಳ ಅದಾವ. ಕುಡಿಯಾಕ ಅದೇ ಇರಲಿ. ಕಳಸಕ್ಕೆ ಮಾತ್ರ ಹೊಲಕ್ಕ ಹಾಯಿಸೋ ನೀರೇ ತುಂಬ್ರಿ. ಒಂದು ಕರಿ ಬಟ್ಟಲದಾಗ ಅದೇ ನೀರು ಬಿಸಿಲಿಗೆ ಆರಾಕ ಬಿಡ್ರಿ, ತಳದಾಗ ದಪ್ಪ ಬಿಳಿ ಪದರ ಕೂತ್ರ ಅದು ಉಪ್ಪು. ಎರಿ ಹೊಲಕ್ಕ ವರ್ಷಾನುಗಟ್ಟಲೆ ಅದೇ ಹೋದ್ರ ಹೊಲ ಚೌಳು ಆಗತೈತಿ. ಒಂದು ಲೀಟರ್ ಕೃಷಿ ವಿಜ್ಞಾನ ಕೇಂದ್ರಕ್ಕ ಒಯ್ದು ತೋರಿಸ್ರಿ.

ಆಕಾಶಕ್ಕ ಒಂದು ನೋಟ್‌ಬುಕ್ ಸಾಕು. ಮಾಳಿಗಿ ಮ್ಯಾಲೆ ಮಳೆಮಾಪಕ, ಜಗಲಿ ಮ್ಯಾಲೆ ನೋಟ್‌ಬುಕ್. ಉತ್ತರಿ ಎಷ್ಟು ಆತು, ಹಸ್ತ ಎಷ್ಟು ಆತು, ಮುಂಜಾನೆ ಊದಿನಕಡ್ಡಿ ಹಚ್ಚೋ ಮೊದಲು ಬರೀರಿ. 1 ಮಿಲಿಮೀಟರ್ ಮಳೆ ಅಂದ್ರ ಎಕರೆಗೆ 4 ಸಾವಿರ ಲೀಟರ್ ನೀರು. 25 ಮಿಲಿಮೀಟರ್ ಆದ್ರ 1 ಲಕ್ಷ ಲೀಟರ್. ಯಾವ ದೇವರ ಪ್ರಸಾದನೂ ಇಷ್ಟು ದೊಡ್ಡದಲ್ಲ, ನಾವು ಅದನ್ನ ಬದು ಒಡಕೊಂಡು ಹಳ್ಳಕ್ಕ ಹೋಗಾಕ ಬಿಡ್ತೀವಿ.

ಇದೆಲ್ಲಾ ಮೂಢನಂಬಿಕೆ ಅನ್ನೋರು ಅಂತಾರ. ಅನ್ಲಿ. ನಮ್ಮ ಪಕ್ಕದ ಹೊಲದ ಸಾಬರ ಮನಿಯಾಗ ಜಗಲಿ ಇಲ್ಲ, ಆದ್ರ ಮೊದಲ ಜೋಳದ ತೆನಿ ಗೊಂಚಲು ಬಾಗಿಲ ಮ್ಯಾಲೆ ತೂಗತೈತಿ, ಗುಬ್ಬಿ ತಿಂತಾವ. ಅದೂ ಇದೇ. ಪ್ಯಾಟಿಯಾಗ ವಾಸ್ತುವಿನವರು ಪಂಚಭೂತ ಅಂತ ಐದು ಬಣ್ಣದ ಬಟ್ಟಲು ಮಾರ್ತಾರಲ್ಲ, ಅದು ಮಾತ್ರ ಇದಲ್ಲ.

ನಮ್ಮಲ್ಲಿ ಮಾಲ್ದಂಡಿ ಒಂದು ಚೀಲ ಐತಿ, ಉಪಚಾರ ಮಾಡದ್ದು. ಮೊನ್ನೆ 100ಕ್ಕೆ 88 ಮೊಳೆತಾವ. ಘಟ್ಟಕ್ಕೆ ಬೊಗಸೆ ಬೇಕಾದವರು, ಎಕರೆಗೆ 3 ಕಿಲೋ ಬೇಕಾದವರು ಅಮವಾಸಿ ಒಳಗ ಬಂದು ಒಯ್ರಿ. ದುಡ್ಡು ಬ್ಯಾಡ, ಸುಗ್ಗಿಗೆ ಅಷ್ಟೇ ಕಾಳು, ಆರಿಸಿದ ತೆನಿದು, ವಾಪಸ್ ಕೊಡ್ರಿ. ಚೀಲ ನೀವೇ ತರ್ರಿ.