ಹಳೆಯ ಕಾರಿನ ಬ್ಯಾಟರಿ

ತಂದೆಯವರ ಕಾಲದ ಅಂಬಾಸಡರನ್ನೋ ಮಾರಿಸ್ ಮೈನರನ್ನೋ ಮಾರಲು ಮನಸ್ಸು ಬಾರದೆ ಷೆಡ್ಡಿನಲ್ಲಿ ಉಳಿಸಿಕೊಂಡಿರುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಅಂಥ ಮನೆಗಳಲ್ಲಿ ಭಾನುವಾರ ಬೆಳಿಗ್ಗೆ ಎಂಜಿನನ್ನು ಐದು ನಿಮಿಷ ನಡೆಸಿ ನಿಲ್ಲಿಸುವ ಸಂಪ್ರದಾಯವುಂಟು. ಬ್ಯಾಟರಿಯ ಹಿತಕ್ಕೆಂದು ಮಾಡುವ ಈ ಉಪಚಾರ ಅದರ ಆಯುಷ್ಯವನ್ನೇ ಕುಗ್ಗಿಸುತ್ತದೆ. ಎಂಜಿನು ಮಂದವಾಗಿ ತಿರುಗುವಾಗ ಹಳೆಯ ಡೈನಮೋ ಕೊಡುವ ವಿದ್ಯುತ್ತು ಇಲ್ಲವೆನ್ನುವಷ್ಟು ಕಡಿಮೆ. ಸ್ಟಾರ್ಟರು ಸೆಳೆದುಕೊಂಡದ್ದು ಮರಳಿ ತುಂಬುವುದೇ ಇಲ್ಲ. ಹೀಗೆ ಅರೆಹೊಟ್ಟೆಯಲ್ಲಿ ಬಿದ್ದಿರುವ ಬ್ಯಾಟರಿಯ ಸೀಸದ ಫಲಕಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ. ಕುಳಿತದ್ದು ಸುಲಭವಾಗಿ ಬಿಡದು.

ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ಊರ ಹೊರಗಿನ ರಸ್ತೆಯಲ್ಲಿ ಓಡಿಸುವುದು ಮೇಲು. ಅದಾಗದಿದ್ದರೆ ಬ್ಯಾಟರಿಯನ್ನು ಪೂರ್ಣವಾಗಿ ಚಾರ್ಜು ಮಾಡಿಸಿ, ಕಾರಿನ ಒಡಲಿಗೆ ಸೇರಿದ ಅರ್ತ್ ತಂತಿಯನ್ನು ಕಳಚಿಟ್ಟು, ತಿಂಗಳಿಗೊಮ್ಮೆ ಪರೀಕ್ಷಿಸಬೇಕು. ಇಲ್ಲೊಂದು ಎಚ್ಚರಿಕೆ: ಈಗಿನ ಕಾರುಗಳಲ್ಲಿ ಒಡಲಿಗೆ ಸೇರಿರುವುದು ಋಣ ತುದಿ, ಮಾರಿಸ್ ಮೈನರಿನಂಥ ಹಳೆಯ ಬ್ರಿಟಿಷ್ ಕಾರುಗಳಲ್ಲಿ ಧನ ತುದಿ. ಇದನ್ನರಿಯದ ತರುಣ ಮೆಕ್ಯಾನಿಕ್ಕು ಹೊಸ ಬ್ಯಾಟರಿಯನ್ನು ತಿರುಗುಮುರುಗಾಗಿ ಜೋಡಿಸಿಬಿಟ್ಟಾನು. (ಅವನನ್ನು ಬೈಯುವಂತಿಲ್ಲ, ಅವನು ಹುಟ್ಟುವ ಮೊದಲೇ ಆ ಪದ್ಧತಿ ನಿಂತುಹೋಯಿತು.) ಕಳಚುವಾಗ ಮೊದಲು, ಜೋಡಿಸುವಾಗ ಕೊನೆಗೆ ಮುಟ್ಟಬೇಕಾದದ್ದು ಒಡಲಿಗೆ ಸೇರಿದ ತುದಿಯನ್ನೇ. ಕ್ರಮ ತಪ್ಪಿ ಸ್ಪಾನರು ಒಡಲಿಗೆ ತಗುಲಿದರೆ ಕಿಡಿ ಹಾರುತ್ತದೆ. ಚಾರ್ಜಾಗುವ ಬ್ಯಾಟರಿಯಿಂದ ಹೊರಡುವ ಜಲಜನಕ ಸಿಡಿಯಲು ಒಂದು ಕಿಡಿ ಸಾಕು. ಸಿಗರೇಟನ್ನು ದೂರವಿಡಿ ಎಂದು ಬೇರೆ ಹೇಳಬೇಕೇ?

ಮುಚ್ಚಳ ತೆರೆಯುವ ಬಗೆಯ ಬ್ಯಾಟರಿಯಾದರೆ, ಫಲಕಗಳು ಮುಳುಗಿರುವಂತೆ ಬಟ್ಟಿಯಿಳಿಸಿದ ನೀರನ್ನಷ್ಟೇ ಹಾಕಬೇಕು. ಕಾವೇರಿಯ ನೀರು ಎಷ್ಟು ಸಿಹಿಯಾದರೂ ಬ್ಯಾಟರಿಗೆ ಒಗ್ಗದು. ಕೊಳವೆ ಬಾವಿಯದಂತೂ ಬೇಡವೇ ಬೇಡ. ರಾತ್ರಿಯೆಲ್ಲ ನಿಂತ ಕಾರಿನ 12 ವೋಲ್ಟಿನ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟು ತೋರಿದರೆ ತುಂಬಿದೆಯೆಂದರ್ಥ, 12.4ಕ್ಕಿಂತ ಕೆಳಗಿಳಿದಿದ್ದರೆ ಅಂದೇ ಚಾರ್ಜು ಮಾಡಿಸುವುದು ಲೇಸು.